ಮೇಲಿನ ಅಡುಗೆಮನೆ

ಹ್ಯಾಮಿಲ್ಟನ್,
ಮೇ ೧೧, ೨೦೦೮

ಪ್ರಿಯ ನಿವೆಸ್,

ಸನ್ಯಾಸಿನಿಯರ ಮಠದ ನಿಯಮದಂತೆ ನೀನು ತಿಂಗಳಿಗೊಂದೇ ಪತ್ರ ಬರೆಯಬಹುದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಈ ಪತ್ರದಲ್ಲಿ ಒಂದೇ ಒಂದು ವಿಷಯವನ್ನು ಕೇಳುತ್ತಿದ್ದೇನೆ. ಅದಕ್ಕೆ ಮೊದಲು ಇಲ್ಲಿಯ ಸ್ಥಿತಿಯನ್ನು ತಿಳಿಸಬೇಕು.

ಅಮ್ಮ ನೆಲಮಾಳಿಗೆಯ ಮೆಟ್ಟಿಲಲ್ಲಿ ಮತ್ತೆ ಬಿದ್ದಳು. ಈ ಸಲ ಎಡಗೈಯ ಮಣಿಕಟ್ಟು ಮುರಿದಿದೆ. ಬಿದ್ದಾಗ ಕೈಯಲ್ಲಿದ್ದದ್ದು ಖಾಲಿ ಪಾತ್ರೆ ಎಂಬುದಷ್ಟೇ ಸಮಾಧಾನ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನವೇ ಮತ್ತೆ ನೆಲಮಾಳಿಗೆಯ ಅಡುಗೆಮನೆಗಿಳಿದು, ಒಂದೇ ಕೈಯಲ್ಲಿ ಹುರುಳಿಕಾಯಿ ಬೇಯಿಸುತ್ತಿದ್ದಳು. "ಮೇಲೆ ಒಂದು ಅಡುಗೆಮನೆ ಇದೆಯಲ್ಲಮ್ಮ" ಎಂದೆ. "ಅದು ಗಲೀಜಾಗುತ್ತೆ" ಎಂದಳು.

ಮೆಟ್ಟಿಲಿಲ್ಲದ ಮನೆಗೆ ಹೋಗಲು ಅವಳು ಒಪ್ಪಿದ್ದಾಳೆ. ಸರೋವರದ ಹತ್ತಿರದ ಕಟ್ಟಡವೊಂದರಲ್ಲಿ ಎರಡು ಫ್ಲಾಟುಗಳನ್ನು ನೋಡಿದ್ದೇವೆ. ಸೆಪ್ಟೆಂಬರ್ ಕೊನೆಯವರೆಗೆ ಅವನ್ನು ನಮಗಾಗಿ ಉಳಿಸುತ್ತಾರೆ. ಈ ಮನೆ ಮಾರಾಟವಾದರೆ ಮಾತ್ರ ಎರಡರಲ್ಲಿ ಒಂದನ್ನು ಕೊಳ್ಳಲು ಸಾಧ್ಯ. ಆದರೆ ಅಪ್ಪ ತೀರಿಕೊಂಡ ಮೇಲೆ ಮನೆ ಅಮ್ಮನ ಹೆಸರಿನಲ್ಲಿದೆ, ಮತ್ತು ಅವಳು ಸಹಿ ಹಾಕುವುದಿಲ್ಲ.

"ನಿವೆಸ್ ಬರಲ್ಲ ಅಂತ ನಿವೆಸೇ ಹೇಳ್ಲಿ. ಆಮೇಲೆ ಹಾಕ್ತೀನಿ. ಅಲ್ಲೀತನಕ ನೋಡೋರು ನೋಡ್ಕೊಂಡು ಹೋಗ್ಲಿ, ನೋಡೋದಕ್ಕೇನು ಹೋಗುತ್ತೆ."

ನಿನ್ನ ಓದು ಮುಗಿದ ವರ್ಷ ಅಪ್ಪ ಮೇಲಿನ ಅಡುಗೆಮನೆಗೆ ಒಲೆ, ಫ್ರಿಜ್, ಪಾತ್ರೆ ತೊಳೆಯುವ ಯಂತ್ರ ಮೂರನ್ನೂ ಒಟ್ಟಿಗೆ ತಂದದ್ದು ನಿನಗೆ ನೆನಪಿರಬಹುದು. ಮದುವೆಯಾದ ಮೇಲೆ ನೀನು ಮೇಲೆ ಸಂಸಾರ ಹೂಡುವೆ, ಮೊದಲ ಸಲ ನೀನೇ ಒಲೆ ಹಚ್ಚಬೇಕು ಎಂಬುದು ಅಮ್ಮನ ಯೋಜನೆ. ನೀನು ಮಠಕ್ಕೆ ಹೋದೆ. ಮೂರರ ಮೇಲೂ ಅಂಗಡಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೆಯೇ ಇದೆ.

ಮನೆ ಮಾರಿಸಿಕೊಡುವ ಮಿಸೆಸ್ ತವಾರೆಸ್ ಅದನ್ನು ನೋಡಿ ನಕ್ಕರು. "ನಮ್ಮತ್ತೆ ಮನೇಲೂ ಇದೇ ಕತೆ. ಮೇಲಿಂದು ತೋರ್ಸೋಕೆ, ಕೆಳಗಿಂದು ಉಣ್ಣೋಕೆ. ಕೊಳ್ಳೋರಿಗೆ ಇದು ಅರ್ಥ ಆಗಲ್ಲ ದಾರಿಯೊ. ಕವರ್ ಹಾಕಿದ ಒಲೆ ನೋಡಿದ್ರೆ ಇಲ್ಲೇನೋ ಕೆಟ್ಟಿದೆ ಅಂದ್ಕೋತಾರೆ. ಸುಲೀರಿ, ತೊಳೀರಿ, ಹೊಳೆಸಿ. ಅಡುಗೆಮನೆ ಮನಸ್ಸಿಗೆ ಬಂದ್ರೆ ಮಿಕ್ಕ ಮನೇನ ಅವರು ಕಣ್ಣೆತ್ತಿ ನೋಡಲ್ಲ."

ಆ ಕೆಲಸವನ್ನು ನಾನು ಮಾಡುತ್ತೇನೆ. ನಿನ್ನಿಂದ ಬೇಕಾದದ್ದು ಒಂದು ಸಾಲು, ಅಮ್ಮನ ಹೆಸರಿಗೆ.

ನಿನ್ನ ಅಣ್ಣ,
ದಾರಿಯೊ


ಮಠ,
ಜೂನ್ ೩

ಪ್ರಿಯ ದಾರಿಯೊ,

ಹಾಳೆಯನ್ನು ಉಗುರಿನಿಂದ ಕೀಳಬೇಡ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಒಂದು ಮೂಲೆಯಿಂದ, ಅಂಚೆಚೀಟಿ ಬಿಡಿಸುವಂತೆ ಬಿಡಿಸು. ಉಳಿದ ಅಂಟಿಗೆ ಅಡುಗೆಯೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಹತ್ತಿಬಟ್ಟೆಯಿಂದ ಒರೆಸು. ಫ್ರಿಜ್ಜಿನ ಬಾಗಿಲಿನ ರಬ್ಬರ್ ಮಡಿಕೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆ. ಕೊಳ್ಳಲು ಬಂದವರು ಮೊದಲು ತೆರೆಯುವುದು ಫ್ರಿಜ್ಜನ್ನೇ; ಪರರ ಫ್ರಿಜ್ ತೆರೆಯಬಾರದೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಒಳಗೆ ಒಂದು ಬಟ್ಟಲು ನಿಂಬೆಹಣ್ಣು ಇಡು, ಬೇರೇನೂ ಬೇಡ. ಓವನ್ನಿನ ಬಾಗಿಲು ಕಿರುಗುಟ್ಟಬಾರದು, ಒಳಗಿನ ದೀಪ ಹೊತ್ತಬೇಕು. ಒಲೆಯ ಗುಂಡಿಗಳನ್ನು ಹೊರಗೆಳೆದು ಅವುಗಳ ಹಿಂಬದಿಯನ್ನೂ ಒರೆಸು. ಯಾರಾದರೊಬ್ಬರು ಖಂಡಿತ ಎಳೆದು ನೋಡುತ್ತಾರೆ.

ನಮ್ಮ ಅಡುಗೆಮನೆಯ ಹಿರಿಯರಾದ ಸಿಸ್ಟರ್ ಒಡೀಲ್‌ಗೆ ನಮ್ಮ ಮನೆಯ ಹಚ್ಚದ ಒಲೆಯ ವಿಷಯ ಹೇಳಿದೆ. ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ, "ಒಲೆ ಅಂದ್ರೆ ಕತ್ತೆ ಇದ್ದಂಗೆ ಮಗಳೇ. ದಿನಾ ಕೆಲಸ ಕೊಟ್ರೆ ಮಾತು ಕೇಳುತ್ತೆ. ಸುಮ್ನೆ ನಿಲ್ಸಿದ್ಯೋ, ಒಂದಿನ ಒದೆಯುತ್ತೆ" ಎಂದರು.

ಅಮ್ಮನ ಬೆರಳುಗಳು ಊದಿಕೊಂಡಿದ್ದರೆ ರಾತ್ರಿ ಕೈಯ ಕೆಳಗೆ ದಿಂಬು ಇಡು. ಬೇಡವೆನ್ನುತ್ತಾಳೆ, ಇಡು.

ನೀನು ಕೇಳಿದ ಸಾಲಿನ ಬಗ್ಗೆ ಬರೆಯುವಷ್ಟರಲ್ಲಿ ಈ ತಿಂಗಳ ಹಾಳೆ ಮುಗಿಯಿತು.

ಪ್ರಾರ್ಥನೆಯಲ್ಲಿ,
ನಿವೆಸ್


ಹ್ಯಾಮಿಲ್ಟನ್,
ಜೂನ್ ೨೨

ಪ್ರಿಯ ನಿವೆಸ್,

ನಿನ್ನ ಹಾಳೆಯ ಹಿಂಬದಿ ಖಾಲಿಯಿತ್ತು.

ಬಿಸಿಗಾಳಿಯ ಸಲಹೆ ಫಲಿಸಿತು. ನಾನು ಸುಲಿಯುತ್ತಿದ್ದಾಗ ಅಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

"ಸುಲಿ, ಸುಲಿ. ಇನ್ನು ಧೂಳು ಕೂರ್ಲಿ."

"ಇದು ಸಾಗಿಸುವಾಗ ಗೀರು ಬೀಳ್ದಿರ್ಲಿ ಅಂತ ಹಾಕೋದಮ್ಮ. ಮನೆಗೆ ತಂದ ದಿನಾನೇ ತೆಗೀಬೇಕು."

"ತಂದ ದಿನಾನೇ ತೆಗ್ದಿದ್ರೆ ಇವತ್ತು ಹಿಂಗೆ ಹೊಳೀತಿತ್ತಾ?"

ವಾಸ್ತವವಾಗಿ ಅದು ಅಷ್ಟೇನೂ ಹೊಳೆಯುತ್ತಿಲ್ಲ. ಹಾಳೆಯ ಅಂಚು ಇದ್ದಲ್ಲೆಲ್ಲ ದಂತದ ಬಣ್ಣದ ಗೆರೆಯೊಂದು ಉಳಿದಿದೆ. ಸೋಡಾ, ವಿನೆಗರ್, ನಿಂಬೆ ಯಾವುದಕ್ಕೂ ಅದು ಹೋಗಲಿಲ್ಲ. ಪಾತ್ರೆ ತೊಳೆಯುವ ಯಂತ್ರದ ರಬ್ಬರ್ ಒಣಗಿ ಬಿರಿದಿತ್ತು, ಪಂಪು ಹಿಡಿದುಕೊಂಡಿತ್ತು. ಎರಡನ್ನೂ ಬದಲಾಯಿಸಿದೆ. ಉಕ್ಕಿನ ಕಾರ್ಖಾನೆಯ ಕುಲುಮೆಗಳ ನಡುವೆ ಇಷ್ಟು ವರ್ಷ ಕೆಲಸ ಮಾಡಿದವನಿಗೆ ಇದು ಹೊಸ ಪಾಠವಲ್ಲ. ಓಡಿ ಸವೆದ ಯಂತ್ರವನ್ನು ದುರಸ್ತಿ ಮಾಡಬಹುದು, ನಿಂತೇ ಮುಪ್ಪಾದದ್ದರಲ್ಲಿ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ಕಾರ್ಖಾನೆಯಿಂದ ನೇರವಾಗಿ ಇಲ್ಲಿಗೆ ಬಂದು ಸಂಜೆಯೆಲ್ಲ ಇದೇ ಕೆಲಸ. ಸುಸ್ತಾಗಿದೆ.

ಮುಂದಿನ ತಿಂಗಳು ಮೊದಲ ಭಾನುವಾರ ಮನೆ ತೋರಿಸುತ್ತೇವೆ. ಆ ಮಧ್ಯಾಹ್ನ ನಾವು ಮನೆಯಲ್ಲಿರಬಾರದಂತೆ. ಗಾಜಿನ ಬೀರುವಿನಲ್ಲಿರುವ ಅಮ್ಮನ ನೆನಪಿನ ಸಾಮಾನುಗಳೂ ಕಣ್ಣಿಗೆ ಬೀಳಬಾರದಂತೆ. ಅಮ್ಮನಿಗೆ ಇದು ಯಾವ ದೇಶದ ಮರ್ಯಾದೆಯೆಂದು ತಿಳಿಯುತ್ತಿಲ್ಲ.

"ಮನೆಗೆ ಜನ ಬರ್ತಾರೆ, ನಾವು ಎದ್ದು ಹೋಗ್ಬೇಕಾ? ಮತ್ತೆ ಕಾಫಿ ಯಾರು ಕೊಡ್ತಾರೆ?"

"ಅವರು ಕಾಫಿ ಕುಡಿಯೋಕೆ ಬರಲ್ಲಮ್ಮ."

"ಕುಡಿಯೋಕೆ ಅಂತ ಯಾರೂ ಬರಲ್ಲ ಕಣೋ. ಬಂದ್ಮೇಲೆ ಕುಡೀತಾರೆ."

ಎರಡು ಪ್ರಶ್ನೆಗಳು. ಅಮ್ಮನಿಗೆ ಬೇಕಾದ ಸಾಲನ್ನು ಯಾವಾಗ ಬರೆಯುತ್ತೀಯೆ? ಮತ್ತು, ಕೊಳ್ಳಲು ಬಂದವರು ಏನೇನು ತೆರೆದು ನೋಡುತ್ತಾರೆಂಬುದು ಮಠದೊಳಗಿರುವ ನಿನಗೆ ಹೇಗೆ ಗೊತ್ತು?

ದಾರಿಯೊ


ಹ್ಯಾಮಿಲ್ಟನ್,
ಜುಲೈ ೮

ಪ್ರಿಯ ನಿವೆಸ್,

ಈ ತಿಂಗಳು ನಿನ್ನ ಪತ್ರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಇದನ್ನು ನೆಂಟರಾರಾದರೂ ನಿನಗೆ ಬೇರೆ ರೀತಿಯಲ್ಲಿ ತಿಳಿಸುವ ಮೊದಲು ನಾನೇ ತಿಳಿಸಬೇಕು.

ಮನೆಯೊಳಗೆ ಬೇಯುತ್ತಿರುವ ಬ್ರೆಡ್ಡಿನ ವಾಸನೆ ಇದ್ದರೆ ಕೊಳ್ಳುವವರ ಮನಸ್ಸು ಸಡಿಲವಾಗುತ್ತದೆ ಎಂದು ಮಿಸೆಸ್ ತವಾರೆಸ್ ಹೇಳಿದ್ದರು. ಭಾನುವಾರ ನಾನು ಹಿಟ್ಟು ನಾದಿ, ಅಚ್ಚಿಗೆ ಹಾಕಿ, ಮೇಲಿನ ಓವನ್ನಿನಲ್ಲಿಟ್ಟು, ನಾವು ಹೊರಟ ಮೇಲೆ ತಾನಾಗಿ ಹೊತ್ತಿಕೊಳ್ಳುವಂತೆ ಅದರ ಗಡಿಯಾರವನ್ನು ಹೊಂದಿಸಿದೆ. ವಾರದ ಹಿಂದೆಯೇ ಒಮ್ಮೆ ಕಾಯಿಸಿ, ಶಾಖ ಸರಿಯಿದೆಯೆಂದು ಅಳೆದು ನೋಡಿದ್ದೆ. ಅಮ್ಮ ಆಗ ಚರ್ಚಿಗೆ ಹೋಗಿದ್ದಳು. ಅವಳಿಗೆ ಹೇಳಿರಲಿಲ್ಲ.

ನಂತರ ನಾನು ಅಂಗಳದ ಹುಲ್ಲು ನೋಡಲು ಹೋದೆ. ಬೀರುವಿನ ಸಾಮಾನನ್ನು ಕಣ್ಣಿಗೆ ಬೀಳದಂತೆ ಎಲ್ಲಾದರೂ ಇಡು ಎಂದು ಅಮ್ಮನಿಗೆ ಹೇಳಿ ಹೋಗಿದ್ದೆ. ಅವಳು ಮೇಲಿನ ಓವನ್ ತೆರೆದು ನೋಡಿದಳು. ಬ್ರೆಡ್ಡಿನ ಅಚ್ಚು ಕಂಡಿತು. ಅವಳ ಪಾಲಿಗೆ ಕಪಾಟೇ ಆಗಿದ್ದ ಅದರೊಳಗೆ ಯಾರೋ ಹಸಿ ಹಿಟ್ಟನ್ನು ಮರೆತುಬಿಟ್ಟಿದ್ದಾರೆಂದುಕೊಂಡು, ಸಂಜೆ ಸರಿಯಾದ ಒಲೆಯಲ್ಲಿ ಬೇಯಿಸಿದರಾಯಿತೆಂದು ಅದನ್ನು ಕೆಳಗಿನ ಅಡುಗೆಮನೆಯಲ್ಲಿಟ್ಟು ಬಂದಳು. ಖಾಲಿಯಾದ ಜಾಗದಲ್ಲಿ ಬೀರುವಿನ ಸಾಮಾನನ್ನೆಲ್ಲ ಜೋಡಿಸಿ ಬಾಗಿಲು ಮುಚ್ಚಿದಳು. ಆ ಮನೆಯಲ್ಲಿ ಅದಕ್ಕಿಂತ ಸುರಕ್ಷಿತವಾದ ಜಾಗ ಅವಳಿಗೆ ತಿಳಿದಿರಲಿಲ್ಲ. ನಾನು ಮರಳಿ ನೋಡಲಿಲ್ಲ. ನಾನೇ ಇಟ್ಟದ್ದನ್ನು ಮತ್ತೆ ನೋಡುವುದೇಕೆ?

ಸಾಮಾನೆಂದರೆ ನಮ್ಮ ಎಲ್ಲ ಮದುವೆ, ನಾಮಕರಣಗಳ ಸಕ್ಕರೆ ಬಾದಾಮಿಯ ಪೊಟ್ಟಣಗಳು. ಬಲೆಬಟ್ಟೆಯಲ್ಲಿ ಕಟ್ಟಿ, ರಿಬ್ಬನ್ ಹಾಕಿ, ಬಂದವರಿಗೆ ಕೊಟ್ಟು ಉಳಿಸಿಕೊಂಡವು. ನಮ್ಮಿಬ್ಬರ ನಾಮಕರಣದವು, ಮೌರೀನ್ ಜೊತೆಗಿನ ನನ್ನ ಮದುವೆಯವು, ಆ ಮದುವೆ ಮುರಿದ ಮೇಲೂ ಅಮ್ಮ ಅವನ್ನು ತೆಗೆದಿರಲಿಲ್ಲ. ನೀನು ಕೊನೆಯ ವ್ರತ ಸ್ವೀಕರಿಸಿದಾಗಿನ ಬಿಳಿಯವೂ ಇದ್ದವು. ಅಂದು ಅಮ್ಮ ಮಠಕ್ಕೆ ಬರಲಿಲ್ಲ. ಆದರೆ ಬಾದಾಮಿ ಮಾಡಿಸಿ ಬೀದಿಯವರಿಗೆಲ್ಲ ಹಂಚಿದ್ದಳು. ಇದು ನಿನಗೆ ತಿಳಿದಿತ್ತೋ ಇಲ್ಲವೋ.

ಮಿಸೆಸ್ ತವಾರೆಸ್ ಬಾಗಿಲು ತೆರೆದಾಗ ಮನೆ ತುಂಬ ಹೊಗೆ, ಹೊಗೆ ಕಂಡರೆ ಕೂಗುವ ಗಂಟೆಯ ಸದ್ದು. ಬೆಂಕಿ ಹರಡಲಿಲ್ಲ. ಕೊಳ್ಳುವವರು ಹಾದಿಯಿಂದಲೇ ಹಿಂದಿರುಗಿದರು. ನಾವು ಬಂದಾಗ ಅಮ್ಮ ಬಾಗಿ ಓವನ್ನಿನೊಳಗೆ ನೋಡಿದಳು. ಸಕ್ಕರೆ ಕರಗಿ, ಕಪ್ಪು ಗಾಜಿನಂತೆ ತಳಕ್ಕೆ ಹಿಡಿದಿತ್ತು. ಅದರೊಳಗೆ ಅಲ್ಲಲ್ಲಿ ಬಾದಾಮಿ.

ನನ್ನನ್ನು ಬೈಯುತ್ತಾಳೆಂದು ನಿಂತಿದ್ದೆ. ಅವಳು ಕೇಳಿದ್ದು ಇಷ್ಟೇ: "ಯಾವುದು ಯಾರ್ದು ಅಂತ ಈಗ ಹೆಂಗೆ ಗೊತ್ತಾಗ್ಬೇಕು?"

ಎರಡು ದಿನದಿಂದ ಬಿಸಿನೀರು ಹಾಕಿ ನೆನೆಸಿ, ಮರದ ಚೂರಿನಿಂದ ಕೆರೆಯುತ್ತಿದ್ದೇನೆ. ನಾನು ಸಹಿಯ ಮಾತೆತ್ತಿದರೆ ಅಮ್ಮ ಎದ್ದು ಕೆಳಗೆ ಹೋಗುತ್ತಾಳೆ, ಆ ಮೆಟ್ಟಿಲಿಳಿದು.

ದಾರಿಯೊ


ಮಠ,
ಆಗಸ್ಟ್ ೨

ಪ್ರಿಯ ದಾರಿಯೊ,

ಬಿಳಿಯ ಬಾದಾಮಿಯ ವಿಷಯ ನನಗೆ ತಿಳಿದಿರಲಿಲ್ಲ. ನಿನ್ನ ಪತ್ರವನ್ನು ಪಾತ್ರೆಕೋಣೆಯಲ್ಲಿ ನಿಂತು ಓದಿ, ಮತ್ತೆ ಕೆಲಸಕ್ಕೆ ಹೋದೆ.

ನಿನ್ನ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ನಮ್ಮ ಮಠವನ್ನೂ ಮಾರುತ್ತಿದ್ದಾರೆ. ನಾವು ಉಳಿದಿರುವುದು ಆರು ಜನ, ಅವರಲ್ಲಿ ಏಣಿ ಹತ್ತಬಲ್ಲವಳು ನಾನೊಬ್ಬಳೇ. ವಸಂತದಿಂದ ಜನ ನೋಡಲು ಬರುತ್ತಿದ್ದಾರೆ. ವಸತಿಗೃಹ ಮಾಡುವವರು, ಸಂಗೀತಶಾಲೆ ಮಾಡುವವರು. ನಮ್ಮ ಅಡುಗೆಮನೆಯ ದೊಡ್ಡ ಒಲೆಯನ್ನು ಉಜ್ಜಿ ಹೊಳೆಸಿ ತೋರಿಸುವ ಕೆಲಸ ನನ್ನದು. ಅವರು ಗುಂಡಿಗಳನ್ನು ಎಳೆದು ನೋಡುತ್ತಾರೆ. ಸಿಸ್ಟರ್ ಒಡೀಲ್ ಅಂಥವರನ್ನು ಕಂಡಾಗಲೆಲ್ಲ ಅವರ ಎದುರಿಗೇ, "ಹಲ್ಲು ನೋಡಿ ಹಸು ಕೊಳ್ಳೋರು ಬಂದ್ರು" ಎನ್ನುತ್ತಾರೆ. ಪುಣ್ಯಕ್ಕೆ ಸಿಸ್ಟರಿಗೇ ಹಲ್ಲಿಲ್ಲದ್ದರಿಂದ ಮಾತು ಯಾರಿಗೂ ತಿಳಿಯುವುದಿಲ್ಲ.

ಉಳಿದವರು ಉತ್ತರದ ಇನ್ನೊಂದು ಮಠಕ್ಕೆ ಹೋಗುತ್ತಾರೆ. ಮಠದ ಮುಖ್ಯಸ್ಥೆ ಮದರ್ ನನ್ನೊಬ್ಬಳನ್ನೇ ಕರೆದು ಕೇಳಿದರು. ನಾನು ಅವರೊಂದಿಗೆ ಹೋಗಬಹುದು, ಇಲ್ಲವೇ ವ್ರತದಿಂದ ಬಿಡುಗಡೆ ಕೇಳಬಹುದು. ನನ್ನ ವಯಸ್ಸಿನಲ್ಲಿ ಹೊರಗೆ ಇನ್ನೂ ಒಂದು ಬದುಕಿದೆ ಎಂದರು. ಅವರು ನನ್ನನ್ನು ಕಳಿಸಲು ಹಾಗೆಂದರೋ, ಉಳಿಸಿಕೊಳ್ಳಲು ಹಾಗೆಂದರೋ ನನಗೆ ತಿಳಿಯಲಿಲ್ಲ.

ನೀನು ಕೇಳಿದ ಸಾಲನ್ನು ಮೇ ತಿಂಗಳಿನಿಂದ ಅನೇಕ ಸಲ ಬರೆದೆ. ಬರೆದಾಗಲೆಲ್ಲ ಅದು ಸುಳ್ಳಿರಬಹುದು ಎನ್ನಿಸಿತು.

ಈಗ ಹೇಳು, ಮನೆ ಮಾರುತ್ತೀಯಾ?

ನಿವೆಸ್


ಹ್ಯಾಮಿಲ್ಟನ್,
ಆಗಸ್ಟ್ ೧೯

ಪ್ರಿಯ ನಿವೆಸ್,

ನಿನ್ನ ಪತ್ರವನ್ನು ಅಮ್ಮನಿಗೆ ತೋರಿಸಿಲ್ಲ. ತೋರಿಸಿದ್ದರೆ ಅವಳು ಇಂದೇ ಮಂಚಕ್ಕೆ ಹಾಸಿಗೆ ಹಾಸುತ್ತಿದ್ದಳು. ಆಮೇಲೆ ನೀನು ನಿರ್ಧರಿಸಲು ಏನೂ ಉಳಿಯುತ್ತಿರಲಿಲ್ಲ.

ಮನೆಗೆ ಗಿರಾಕಿ ಬಂದಿದ್ದಾರೆ. ಅಡೆಯೆಮಿ ಎಂಬ ಗಂಡ ಹೆಂಡತಿ, ಮೂವರು ಮಕ್ಕಳು, ಗಂಡನ ತಾಯಿ. ಅವರು ಬಂದ ದಿನ ಅಮ್ಮ ಮನೆ ಬಿಟ್ಟು ಹೊರಡಲು ಒಪ್ಪಲಿಲ್ಲ. ಟೊಮೆಟೊ ಕಾಲ, ನೆಲಮಾಳಿಗೆಯಲ್ಲಿ ಬುಟ್ಟಿಗಟ್ಟಲೆ ಹಣ್ಣು, ಕುದಿಯುತ್ತಿರುವ ಹಂಡೆ, ಸಾಲು ಸಾಲು ಬಾಟಲಿಗಳು. ನೆಲಮಾಳಿಗೆಯ ಬಾಗಿಲನ್ನು ಯಾರೂ ತೆರೆಯದಿರಲೆಂದು ಮಿಸೆಸ್ ತವಾರೆಸ್ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನಾನು ಮೇಲಿನ ಅಡುಗೆಮನೆ ತೋರಿಸಿದೆ. ಫ್ರಿಜ್ಜಿನಲ್ಲಿ ನಿಂಬೆಹಣ್ಣಿತ್ತು. ಓವನ್ನಿನ ತಳದಲ್ಲಿ ಅಳಿಸಲಾಗದ ಒಂದು ಕಲೆ ಉಳಿದಿದ್ದನ್ನು ನಾನೇ ಮೊದಲು ಹೇಳಿದೆ. ಅವರು ಸೌಜನ್ಯದಿಂದ ತಲೆಯಾಡಿಸಿದರು. ಆದರೆ ಅಜ್ಜಿ ವಾಸನೆಯ ಜಾಡು ಹಿಡಿದು ಹೊರಟು, ಮಿಸೆಸ್ ತವಾರೆಸ್‌ರನ್ನು ಪಕ್ಕಕ್ಕೆ ಸರಿಸಿ, ಕೆಳಗಿಳಿದೇಬಿಟ್ಟರು.

ಬಹಳ ಹೊತ್ತು ಅವರು ಮೇಲೆ ಬರಲಿಲ್ಲ. ನಾವು ಹೋಗಿ ನೋಡಿದಾಗ ಇಬ್ಬರೂ ಎದುರುಬದುರು ಕುಳಿತು ಹಣ್ಣು ಹಿಂಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಅಮ್ಮ ನನಗೆ ಹೇಳಿದಳು: "ಇವಳಿಗೆ ಕೆಲಸ ಗೊತ್ತು. ಮೆಣಸಿನಕಾಯಿ ಜಾಸ್ತಿ ಕೇಳ್ತಾಳೆ, ಅದೊಂದು."

ಅವರು ಕೊಳ್ಳುವುದಾಗಿ ಬರೆದುಕೊಟ್ಟಿದ್ದಾರೆ. ಷರತ್ತು ಎರಡು. ಕೆಳಗಿನ ಹಳೆಯ ಒಲೆಯನ್ನು ಬಿಟ್ಟುಹೋಗಬೇಕು. ಮೇಲಿನ ಮೂರನ್ನೂ ತೆಗೆದು ಹೊರಗೆ ಹಾಕಿ ಕೊಡಬೇಕು. ಮೇ ತಿಂಗಳಿನಿಂದ ನಾನು ತೊಳೆದದ್ದು, ಬಿಚ್ಚಿದ್ದು, ಎಣ್ಣೆ ಹಾಕಿದ್ದು ಅವನ್ನೇ. ನನಗೆ ನಗು ಬರಲಿಲ್ಲ. ಮಿಸೆಸ್ ತವಾರೆಸ್‌ಗೆ ಬಂತು.

ಅಮ್ಮ ಇನ್ನೂ ಸಹಿ ಹಾಕಿಲ್ಲ. ನಿನ್ನ ಪ್ರಶ್ನೆಗೆ ನನ್ನ ಉತ್ತರ: ಈ ಮನೆ ಇಲ್ಲವೆಂದುಕೊಂಡು ನಿರ್ಧರಿಸು. ನೀನು ಹೊರಗೆ ಬಂದರೆ ನನ್ನ ಮನೆಯಿದೆ. ಅದು ಚಿಕ್ಕದು, ಅದರಲ್ಲಿ ನಾನೊಬ್ಬನೇ ಇದ್ದೇನೆ. ಬರದಿದ್ದರೆ, ಅಮ್ಮನಿಗೆ ಪತ್ರದಲ್ಲಿ ಹೇಳಬೇಡ.

ನಿನ್ನ ಅಣ್ಣ,
ದಾರಿಯೊ


ಮಠ,
ಸೆಪ್ಟೆಂಬರ್ ೫

ಪ್ರಿಯ ದಾರಿಯೊ,

ನಾನು ಅವರೊಂದಿಗೆ ಉತ್ತರಕ್ಕೆ ಹೋಗುತ್ತೇನೆ. ಮೊದಲ ಸಲ ಈ ದಾರಿ ಹಿಡಿದಾಗ ನಾನು ಯಾರನ್ನೂ ಕೇಳಿರಲಿಲ್ಲ, ಕೇಳುವ ವಯಸ್ಸೂ ಅದಾಗಿರಲಿಲ್ಲ. ಈ ಸಲ ನಿನ್ನ ಚಿಕ್ಕ ಮನೆಯಲ್ಲಿ ಬೆಳಿಗ್ಗೆ ಎದ್ದು ಏನು ಮಾಡುತ್ತೇನೆಂದು ಕಲ್ಪಿಸಿ ನೋಡಿದೆ. ಏನೂ ಕಾಣಲಿಲ್ಲ. ಸಿಸ್ಟರ್ ಒಡೀಲ್‌ರ ಚಪ್ಪಲಿಯ ಸದ್ದು ಮಾತ್ರ ಕೇಳಿಸಿತು.

ಹದಿನಾಲ್ಕನೇ ತಾರೀಖಿನ ಭಾನುವಾರ ಮಧ್ಯಾಹ್ನ ಫೋನ್ ಮಾಡಲು ಮದರ್ ಅನುಮತಿ ಕೊಟ್ಟಿದ್ದಾರೆ. ನೀನು ಮನೆಯಲ್ಲಿರು, ಆದರೆ ಅಮ್ಮನ ಹತ್ತಿರ ನಿಲ್ಲಬೇಡ.

ನಿವೆಸ್


ಹ್ಯಾಮಿಲ್ಟನ್,
ಸೆಪ್ಟೆಂಬರ್ ೨೮

ಪ್ರಿಯ ನಿವೆಸ್,

ನೀನು ಹೇಳಿದಂತೆ ದೂರ ನಿಂತಿದ್ದೆ. ಅಮ್ಮ ಕೆಳಗಿನ ಗೋಡೆಯ ಫೋನಿನಲ್ಲಿ ಮಾತಾಡಿದಳು. ಮೇಲಿನವರೆಗೆ ಕೇಳಿಸಿದ್ದು ಒಂದೇ ಮಾತು: "ಅಲ್ಲಿ ಊಟಕ್ಕೆ ಏನು ಹಾಕ್ತಾರೆ?" ಆಮೇಲೆ ನಲ್ಲಿಯ ನೀರಿನ ಸದ್ದು ಬಂತು. ನಾನು ಇಳಿದು ಹೋಗಬೇಕೆಂದುಕೊಳ್ಳುತ್ತಿರುವಾಗ ಕಟಾಂಜನ ಹಿಡಿದು ಅವಳೇ ಹತ್ತಿ ಬಂದಳು. ಮುಖ ತೊಳೆದುಕೊಂಡಿದ್ದಳು.

"ಪೆನ್ನೆಲ್ಲಿ?" ಎಂದಳು.

ಅಷ್ಟೇ. ಸಹಿಯಾಯಿತು. ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದಾಗ, "ಪೆನ್ನು ಸರಿಯಾಗಿ ಬರೀತಿಲ್ಲ" ಎಂದಳು.

ಅಡೆಯೆಮಿಯವರು ಕೇಳಿದಂತೆ ಮೇಲಿನ ಮೂರನ್ನೂ ಲಾರಿಗೆ ಹಾಕಿ ಕಳಿಸಿದೆ. ಅವು ಹೋಗುವಾಗ ಅಮ್ಮ ಕಿಟಕಿಗೂ ಬರಲಿಲ್ಲ.

ಫ್ಲಾಟಿನ ವಿಷಯ. ಎರಡರಲ್ಲಿ ಒಂದು ಸರೋವರಕ್ಕೆ ಮುಖ ಮಾಡಿದೆ, ಮಲಗುವ ಕೋಣೆ ಒಂದು. ಇನ್ನೊಂದರ ಕಿಟಕಿಗಳಿಂದ ಕಾಣುವುದು ಕಾರು ನಿಲ್ಲಿಸುವ ಜಾಗ ಮಾತ್ರ, ಕೋಣೆ ಎರಡು. ಸರೋವರದ್ದೇ ಸರಿಯೆಂದು ನಾನೂ ಮಿಸೆಸ್ ತವಾರೆಸ್ ಅವರೂ ತೀರ್ಮಾನಿಸಿದ್ದೆವು. ಅಮ್ಮ ಎರಡು ಕೋಣೆಯದ್ದು ಬೇಕೆಂದಳು.

"ಒಬ್ಬರಿಗೆ ಎರಡು ರೂಮ್ ಯಾಕೆ ತಾಯಿ? ಅಲ್ಲಾದ್ರೆ ಬೆಳಿಗ್ಗೆ ಎದ್ರೆ ನೀರು ಕಾಣುತ್ತೆ" ಎಂದರು ಮಿಸೆಸ್ ತವಾರೆಸ್.

"ನೀರನ್ನ ನಲ್ಲೀಲಿ ನೋಡ್ಕೋತೀನಿ. ಒಂದು ರೂಮು ಫ್ರೀಜರ್‌ಗೆ."

ನಿನ್ನೆ ಸಾಮಾನು ಸಾಗಿಸಿದೆವು. ಟೊಮೆಟೊ, ಮಾಂಸ, ತೋಟದ ಹುರುಳಿಕಾಯಿ ತುಂಬಿದ ಆ ದೊಡ್ಡ ಫ್ರೀಜರನ್ನು ನಾಲ್ವರು ಸೇರಿ ಎರಡನೆಯ ಕೋಣೆಯ ನಡುವೆ ಇಳಿಸಿದರು. ಅವರು ಹೋದ ಮೇಲೆ ಅಮ್ಮ ಅದರ ಸುತ್ತ ಒಮ್ಮೆ ನಡೆದು ಬಂದಳು.

"ಇದ್ರ ಕೆಳಗೆ ಚಕ್ರ ಹಾಕು."

"ಇಷ್ಟು ಭಾರದ್ದನ್ನ ಮತ್ತೆ ಯಾರಮ್ಮ ಸರಿಸ್ತಾರೆ?"

"ಹಾಕು ಅಂದ್ರೆ ಹಾಕು. ಎಲ್ಲಕ್ಕೂ ಕಾರಣ ಹೇಳೋಕೆ ನಾನೇನು ಎಂಜಿನಿಯರಾ?"

ಕಾರ್ಖಾನೆಯಿಂದ ಭಾರಕ್ಕೆ ತಕ್ಕ ಚಕ್ರಗಳನ್ನು ತಂದು, ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿ ಇವತ್ತು ಕೆಲಸ ಮುಗಿಸಿದೆ. ಈಗ ಫ್ರೀಜರ್ ಒಂದೇ ಕೈಯಿಂದ ಸರಿಯುತ್ತದೆ. ಅಮ್ಮ ಬಲಗೈಯಿಂದ ಅದನ್ನು ಗೋಡೆಯವರೆಗೆ ತಳ್ಳಿ ನೋಡಿದಳು. ಕೋಣೆಯ ನಡುವೆ ಒಂದು ಮಂಚ ಹಿಡಿಯುವಷ್ಟು ಜಾಗ ತೆರವಾಯಿತು. ಆಮೇಲೆ ಪೊರಕೆ ತಂದು ಅಷ್ಟು ಜಾಗವನ್ನು ಗುಡಿಸಿ, ಫ್ರೀಜರನ್ನು ಮತ್ತೆ ಅಲ್ಲಿಗೇ ಎಳೆದು ನಿಲ್ಲಿಸಿದಳು.

ನಿನ್ನ ಹೊಸ ವಿಳಾಸ ತಿಳಿಸು.

ನಿನ್ನ ಅಣ್ಣ,
ದಾರಿಯೊ